ವಾಲ್ಪರಾಯಿಸೊದಲ್ಲಿ ಅಗ್ಗದ ಹಾಸ್ಟೆಲ್: ಬೆಂಗಳೂರಿನಿಂದ ಹೊರಡುವವರಿಗೆ

ಬೆಂಗಳೂರಿನಲ್ಲಿ ಹಾಸ್ಟೆಲ್ ಅಂದರೆ ಕಾಲೇಜು ಮಕ್ಕಳು ಉಳಿಯುವ ಜಾಗ, ಪಿ.ಜಿ. ಅಂದರೆ ತಿಂಗಳ ಬಾಡಿಗೆ. ಚಿಲಿ ದೇಶದ ಬಂದರು ಊರು ವಾಲ್ಪರಾಯಿಸೊದಲ್ಲಿ ಹಾಸ್ಟೆಲ್ ಅಂದರೆ ರಾತ್ರಿ ಲೆಕ್ಕಕ್ಕೆ ಸಿಗುವ ಒಂದು ಹಾಸಿಗೆ. ಆರೋ ಎಂಟೋ ಜನ ಮಲಗುವ ಕೋಣೆ, ಒಂದರ ಮೇಲೊಂದು ಮಂಚ, ಎಲ್ಲರಿಗೂ ಸೇರಿದ ಬಚ್ಚಲು, ಎಲ್ಲರೂ ಬಳಸುವ ಅಡುಗೆಮನೆ. ಬೋರ್ಡಿನಲ್ಲಿ 'ಹಾಸ್ಟೆಲ್' ಅಂತಿದ್ದರೆ ಇದು. 'ಓಸ್ತಾಲ್' ಅಂತಿದ್ದರೆ ಹೆಚ್ಚಾಗಿ ಪ್ರತ್ಯೇಕ ಕೋಣೆಗಳ ಸಣ್ಣ ವಸತಿಗೃಹ. ಹುಡುಕುವಾಗ ಎರಡೂ ಬೆರೆತು ಬರುತ್ತವೆ, ಹಾಗಾಗಿ 'ಅಬಿತಾಸಿಯೋನ್ ಕೊಂಪಾರ್ತೀದಾ' (ಹಂಚಿಕೊಳ್ಳುವ ಕೋಣೆ) ಎಂದು ಬರೆದಿದೆಯೇ ನೋಡಿಕೊಳ್ಳಿ.

ಗುಡ್ಡ ಮೊದಲು, ದರ ಆಮೇಲೆ

ಈ ಊರಿಗೆ ಎರಡು ಪದರ. ಸಮುದ್ರಕ್ಕೆ ಅಂಟಿಕೊಂಡ ಸಪಾಟು ಪಟ್ಟಿಗೆ 'ಪ್ಲಾನ್' ಅಂತಾರೆ. ಬ್ಯಾಂಕು, ಬಸ್ಸು, ಮಾರ್ಕೆಟ್ಟು ಎಲ್ಲ ಅಲ್ಲೇ. ಅದರ ಬೆನ್ನಿಗೇ ಕಡಿದಾಗಿ ಎದ್ದ ಗುಡ್ಡಗಳು ನಲವತ್ತಕ್ಕೂ ಹೆಚ್ಚು, ಒಂದೊಂದಕ್ಕೂ 'ಸೆರ್ರೊ' ಎಂಬ ಪದದ ಜೊತೆ ಒಂದು ಹೆಸರು. ಹಾಸ್ಟೆಲ್‌ಗಳು ಹೆಚ್ಚಾಗಿ ಇರುವುದು ಸೆರ್ರೊ ಅಲೆಗ್ರೆ ಮತ್ತು ಸೆರ್ರೊ ಕನ್ಸೆಪ್ಸಿಯೋನ್ ಎಂಬ ಅಕ್ಕಪಕ್ಕದ ಎರಡು ಗುಡ್ಡಗಳ ಮೇಲೆ. 2003ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಳೇ ಭಾಗವೂ ಈ ಸುತ್ತಲಿನದೇ. ಮೊದಲ ಸಲ ಹೋಗುವವರು ಈ ಎರಡರಲ್ಲೊಂದನ್ನು ಆರಿಸಿಕೊಳ್ಳುವುದು ಒಳ್ಳೆಯದು. ದರ ಕೊಂಚ ಹೆಚ್ಚು, ಆದರೆ ಸಂಜೆ ಜನಸಂಚಾರ ಇರುತ್ತದೆ, ಇಳಿದರೆ ಐದು–ಹತ್ತು ನಿಮಿಷಕ್ಕೆ ಪ್ಲಾನ್ ಸಿಗುತ್ತದೆ.

ಬಸ್ ನಿಲ್ದಾಣದ ಪಕ್ಕ, ಪೇದ್ರೊ ಮೊಂತ್ ರಸ್ತೆಯ ಆಸುಪಾಸು, ಅಗ್ಗದ ಹಾಸಿಗೆ ಸಿಗುತ್ತದೆ. ಹತ್ತುವ ಕಷ್ಟವೂ ಇಲ್ಲ. ಆದರೆ ಅಂಗಡಿ ಬಾಗಿಲು ಹಾಕಿದ ಮೇಲೆ ಆ ಬೀದಿಗಳು ಖಾಲಿಯಾಗುತ್ತವೆ. ಹಳೇ ಬಂದರಿನ ಬದಿಯ ಪ್ಲಾಸಾ ಎಚೌರೆನ್ ಹಗಲು ನೋಡಲು ಸೊಗಸು. ಕತ್ತಲಾದ ಮೇಲೆ ಅಲ್ಲಿ ಬ್ಯಾಗು ಹೊತ್ತು ನಡೆಯಬೇಡಿ. ಗುಡ್ಡಗಳ ತೀರಾ ಮೇಲ್ಭಾಗದ ಬಡಾವಣೆಗಳೂ ಅಷ್ಟೇ. ನಕ್ಷೆಯಲ್ಲಿ 400 ಮೀಟರ್ ಅಂತ ಕಂಡದ್ದು ಅಲ್ಲಿ 200 ಮೆಟ್ಟಿಲಾಗಿರಬಹುದು. ನಕ್ಷೆ ಏರು ತೋರಿಸುವುದಿಲ್ಲ, ಕಾಲಿಗೆ ಗೊತ್ತಾಗುತ್ತದೆ.

ಅದಕ್ಕೇ ಬುಕ್ ಮಾಡುವ ಮೊದಲು ಹಾಸ್ಟೆಲ್ಲಿನವರಿಗೆ ವಾಟ್ಸಾಪ್ ಮಾಡಿ (ಚಿಲಿಯಲ್ಲಿ ಎಲ್ಲರೂ ಅದನ್ನೇ ಬಳಸುತ್ತಾರೆ) ಮೂರು ಸಂಗತಿ ಕೇಳಿ. ಗಾಡಿ ನಿಲ್ಲುವ ಜಾಗದಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು: 'ಕ್ವಾಂತೋಸ್ ಎಸ್ಕಲೋನೆಸ್ ಆಯ್ ದೆಸ್ದೆ ಲಾ ಕಾಯೆ?' ರಾತ್ರಿ ತಡವಾಗಿ ಬಂದರೆ ಬಾಗಿಲು ತೆಗೆಯುವವರು ಇರುತ್ತಾರೆಯೇ. ಹತ್ತಿರದ ಅಸೆನ್ಸೋರ್ ಈಗ ಓಡುತ್ತಿದೆಯೇ.

ಅಸೆನ್ಸೋರ್ ಅಂದರೆ ಗುಡ್ಡದ ಇಳಿಜಾರಿನಲ್ಲಿ ಹಳಿಯ ಮೇಲೆ ಹಗ್ಗ ಎಳೆಯುವ ಮರದ ಡಬ್ಬಿ. ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ ಬರುತ್ತದೆ. ಮೊದಲನೆಯದಾದ ಕನ್ಸೆಪ್ಸಿಯೋನ್ ಶುರುವಾದದ್ದು 1883ರಲ್ಲಿ. ಪ್ಲಾಸಾ ಸೊತೊಮಯೋರ್ ಪಕ್ಕದ ಎಲ್ ಪೆರಾಲ್ ನಿಮ್ಮನ್ನು ಸೀದಾ ಸೆರ್ರೊ ಅಲೆಗ್ರೆಯ ಅಂಚಿಗೆ ತಲುಪಿಸುತ್ತದೆ. ರೇಯ್ನಾ ವಿಕ್ಟೋರಿಯಾ ಇನ್ನೊಂದು ಬದಿಯಿಂದ. ಒಂದೆರಡು ನಿಮಿಷದ ಪ್ರಯಾಣ, ಟಿಕೆಟ್ ಚಿಲ್ಲರೆ ಕಾಸಿನಷ್ಟು, ಆದ್ದರಿಂದ ನಾಣ್ಯ ಇಟ್ಟುಕೊಳ್ಳಿ. ಹಳೇ ಯಂತ್ರಗಳಾದ್ದರಿಂದ ರಿಪೇರಿಗೆಂದು ತಿಂಗಳುಗಟ್ಟಲೆ ಮುಚ್ಚುವುದುಂಟು, ರಾತ್ರಿ ಓಡುವುದಿಲ್ಲ. ಆಗ ಮೆಟ್ಟಿಲೇ ಗತಿ. ಚಕ್ರದ ಸೂಟ್‌ಕೇಸು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಲ್ಲುಹಾಸು ಮತ್ತು ಮೆಟ್ಟಿಲ ಮೇಲೆ ಅದರ ಚಕ್ರ ಒಂದೇ ದಿನಕ್ಕೆ ಕಿತ್ತುಬರುತ್ತದೆ. ಬೆನ್ನಿಗೆ ಹಾಕುವ ಬ್ಯಾಗು, ತುಂಬಿದ ಮೇಲೆ 10–11 ಕಿಲೋ ದಾಟದ ಹಾಗೆ.

ಯಾವಾಗ ಹೋಗಬೇಕು

ಅಲ್ಲಿ ಬೇಸಿಗೆ ಡಿಸೆಂಬರ್‌ನಿಂದ ಫೆಬ್ರವರಿ. ಬೇಸಿಗೆಯಲ್ಲೂ ಬೆಳಗ್ಗೆ ಸಮುದ್ರದಿಂದ ಮಂಜು ಏರಿ ಮಧ್ಯಾಹ್ನದವರೆಗೂ ಬಿಸಿಲು ಕಾಣದಿರಬಹುದು, ಒಂದು ಜರ್ಕಿನ್ ಯಾವಾಗಲೂ ಬೇಕು. ಜೂನ್‌ನಿಂದ ಆಗಸ್ಟ್ ಚಳಿ–ಮಳೆ. ರಾತ್ರಿ ಬೆಂಗಳೂರಿನ ಡಿಸೆಂಬರ್‌ಗಿಂತ ಹೆಚ್ಚು ಚಳಿ, ಹಗಲು ಬಿಸಿಲಿನಲ್ಲಿ ಮೈ ಕಾಯಿಸಿಕೊಳ್ಳುವ ಅನುಕೂಲ ಇಲ್ಲ, ಮತ್ತು ಹಳೇ ಮನೆಗಳಲ್ಲಿ ಕೋಣೆಕೋಣೆಗೆ ಹೀಟರ್ ಇರುವುದಿಲ್ಲ. ಹೊಸ ವರ್ಷದ ಹಿಂದಿನ ರಾತ್ರಿ ಕೊಲ್ಲಿಯುದ್ದಕ್ಕೂ ದೊಡ್ಡ ಪಟಾಕಿ ಪ್ರದರ್ಶನ. ಆ ವಾರ ಹಾಸಿಗೆಯ ದರ ಹಲವು ಪಟ್ಟು ಏರುತ್ತದೆ, ಮೂರು–ನಾಲ್ಕು ರಾತ್ರಿ ಕಡ್ಡಾಯ ಅಂತಾರೆ. ಸೆಪ್ಟೆಂಬರ್ 18, 19 ರಾಷ್ಟ್ರೀಯ ಹಬ್ಬ, ಸೂಪರ್‌ಮಾರ್ಕೆಟ್ ಸೇರಿ ದೊಡ್ಡ ಅಂಗಡಿಗಳೆಲ್ಲ ಬಂದ್. 17ರ ಸಂಜೆಯೇ ಅಕ್ಕಿ–ಬೇಳೆ ತಂದಿಟ್ಟುಕೊಳ್ಳಿ.

ಬೆಂಗಳೂರು ಬಿಡುವ ಮುನ್ನ

ವೀಸಾ ನಿಯಮ ಬದಲಾಗುತ್ತಿರುತ್ತದೆ, ಚಿಲಿ ರಾಯಭಾರ ಕಚೇರಿಯ ಮಾಹಿತಿಯನ್ನೇ ನಂಬಿ. ಹೆಚ್ಚಿನವರು ಮರೆಯುವುದು ಹಳದಿ ಜ್ವರದ ಲಸಿಕೆಯನ್ನು. ಚಿಲಿಯಲ್ಲಿ ಆ ರೋಗ ಇಲ್ಲ, ಆದರೆ ಬೆಂಗಳೂರಿನಿಂದ ಹೋಗುವ ದಾರಿಗಳಲ್ಲಿ ಒಂದು ಬ್ರೆಜಿಲ್‌ನ ಸಾವೊ ಪಾಲೊ ಮೂಲಕ, ಮತ್ತು ಬ್ರೆಜಿಲ್ ಭಾರತ ಸರ್ಕಾರದ ಹಳದಿ ಜ್ವರದ ಪಟ್ಟಿಯಲ್ಲಿದೆ. ಪೆರು, ಅರ್ಜೆಂಟೀನಾ ಸುತ್ತಿ ಬರುವವರಿಗೂ ಇದೇ ಮಾತು. ಸರ್ಟಿಫಿಕೇಟ್ ಇಲ್ಲದೆ ವಾಪಸ್ ಇಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗೆ ಇದೆ. ಬರೀ ವಿಮಾನ ಬದಲಿಸಿ, ನಿಲ್ದಾಣದ ಹೊರಗೆ ಕಾಲಿಡದವರಿಗೆ ವಿನಾಯ್ತಿ ಕೊಡುವುದೂ ಅವರ ವಿವೇಚನೆಗೆ ಬಿಟ್ಟದ್ದು. ಶೇಷಾದ್ರಿ ರಸ್ತೆಯ ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿ ಈ ಲಸಿಕೆ ಹಾಕುತ್ತಾರೆ. ಯಾವ ದಿನ, ಎಷ್ಟು ಜನಕ್ಕೆ ಅಂತ ಮೊದಲೇ ವಿಚಾರಿಸಿ, ಪಾಸ್‌ಪೋರ್ಟ್ ಹಿಡಿದು ಹೋಗಿ. ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಸರ್ಟಿಫಿಕೇಟ್ ಊರ್ಜಿತ, ಆಮೇಲೆ ಜೀವಮಾನ ಪೂರ್ತಿ ನಡೆಯುತ್ತದೆ.

ಪ್ಲಗ್ಗಿನ ವಿಷಯ. ಅಲ್ಲಿಯೂ 220 ವೋಲ್ಟ್, 50 ಹರ್ಟ್ಸ್, ಹಾಗಾಗಿ ವೋಲ್ಟೇಜ್ ಬದಲಿಸುವ ಪೆಟ್ಟಿಗೆ ಬೇಡ. ಗೋಡೆಯಲ್ಲಿ ಒಂದೇ ಸಾಲಿನಲ್ಲಿ ಮೂರು ದುಂಡು ತೂತು. ನಮ್ಮ ಫೋನ್ ಚಾರ್ಜರಿನ ಸಣ್ಣ ಎರಡು ಪಿನ್ ಅಂಚಿನ ಎರಡು ತೂತಿಗೆ ಕೂರುತ್ತದೆ. ಲ್ಯಾಪ್‌ಟಾಪಿನ ಮೂರು ಪಿನ್ ಕೂರುವುದಿಲ್ಲ, ಎಸ್.ಪಿ. ರೋಡಿನಲ್ಲಿ ಒಂದು ಅಡಾಪ್ಟರ್ ಕೊಳ್ಳಿ, ಕೊಳ್ಳುವಾಗ ಅದರ ಪಿನ್ನು 4 ಮಿಲಿಮೀಟರ್ ದಪ್ಪ ಇದೆಯೇ ನೋಡಿ. ದಪ್ಪ ಪಿನ್ನಿನದನ್ನು ಬಲವಂತವಾಗಿ ತುರುಕಿದರೆ ಹಳೇ ಸಾಕೆಟ್ಟು ಬಿರಿದು ಕಿಡಿ ಹಾರುತ್ತದೆ. ಜೊತೆಗೆ ಒಂದು ಬೀಗ, ಕೊಂಡಿ ತೆಳ್ಳಗಿರುವಂಥದು; ಲಾಕರುಗಳ ಬಳೆ ಸಣ್ಣದಿರುತ್ತದೆ, ಮನೆ ಬಾಗಿಲಿನ ದಪ್ಪ ಬೀಗ ತೂರುವುದಿಲ್ಲ. ಮರೆತಿರಾದರೆ ಅಲ್ಲಿ 'ಕಂದಾದೊ' ಅಂತ ಕೇಳಿ. ಬೇಗ ಒಣಗುವ ಟವೆಲ್, ಹವಾಯಿ ಚಪ್ಪಲಿ, ಕಿವಿಗೆ ಹತ್ತಿ ಅಥವಾ ಇಯರ್‌ಪ್ಲಗ್. ಊರಿನ ನಾಯಿಗಳು ರಾತ್ರಿಯಿಡೀ ಗುಡ್ಡದಿಂದ ಗುಡ್ಡಕ್ಕೆ ಕೂಗಿಕೊಳ್ಳುತ್ತವೆ. ಒಂದು ಸಣ್ಣ ಪ್ಲಾಸ್ಟಿಕ್ ಚೊಂಬು ಮರೆಯಬೇಡಿ, ಕಾರಣ ಮುಂದೆ ಬರುತ್ತದೆ.

ತಿಂಡಿ ಕಟ್ಟಿಕೊಳ್ಳುವಾಗ ಎಚ್ಚರ. ಚಿಲಿಯ ಕೃಷಿ ಇಲಾಖೆಯ ತಪಾಸಣೆ ಬಹಳ ಬಿಗಿ. ಕರಿಬೇವು, ತೆಂಗಿನಕಾಯಿ, ಹಸಿ ಹಣ್ಣು, ಬಿತ್ತಿದರೆ ಮೊಳೆಯುವ ಕಾಳು, ಮನೆಯ ತುಪ್ಪ, ಜೇನು – ಇವನ್ನು ಒಯ್ಯಲೇಬೇಡಿ. ಸೀಲಾದ ಪ್ಯಾಕೆಟ್ಟಿನ ರಸಂ ಪುಡಿ, ಸಾಂಬಾರ್ ಪುಡಿ, ಇಂಗು ಸಾಮಾನ್ಯವಾಗಿ ದಾಟುತ್ತವೆ, ಕೊನೆಯ ಮಾತು ಅಧಿಕಾರಿಯದು. ಪ್ರವೇಶದ ಘೋಷಣಾ ಪತ್ರದಲ್ಲಿ 'ಗಿಡ ಅಥವಾ ಪ್ರಾಣಿ ಮೂಲದ ವಸ್ತು ಇದೆ' ಎಂಬಲ್ಲಿ ಹೌದು ಅಂತಲೇ ಗುರುತು ಹಾಕಿ. ಹೇಳಿದರೆ ಹೆಚ್ಚೆಂದರೆ ವಸ್ತು ತೆಗೆದುಕೊಳ್ಳುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ, ಅದೂ ಸಣ್ಣದಲ್ಲ. ವಿಮಾನದಲ್ಲಿ ಕೊಟ್ಟ ಒಂದು ಸೇಬು ಕೈಚೀಲದಲ್ಲಿ ಉಳಿದು ದಂಡ ಕಟ್ಟಿದವರಿದ್ದಾರೆ.

ದುಡ್ಡು ಮತ್ತು ದಾರಿ

ಚಿಲಿಯ ಪೆಸೊಗೂ ಡಾಲರ್ ಚಿಹ್ನೆಯನ್ನೇ ಬರೆಯುತ್ತಾರೆ, ಸಾವಿರಕ್ಕೆ ಅಲ್ಪವಿರಾಮದ ಬದಲು ಚುಕ್ಕೆ ಇಡುತ್ತಾರೆ. 15.000 ಅಂದರೆ ಹದಿನೈದು ಸಾವಿರ ಪೆಸೊ, ಹದಿನೈದು ಡಾಲರ್ ಅಲ್ಲ. ಸಾವಿರ ಪೆಸೊಗೆ ಬೀದಿಮಾತಿನಲ್ಲಿ 'ಒಂದು ಲೂಕಾ'. ಅದು ಹೆಚ್ಚುಕಮ್ಮಿ ತೊಂಬತ್ತು–ನೂರು ರೂಪಾಯಿ ಅಂತ ಮನಸ್ಸಿನಲ್ಲಿಟ್ಟು ಹೊರಡುವ ದಿನದ ದರ ನೋಡಿಕೊಳ್ಳಿ. ಹಂಚಿಕೆಯ ಕೋಣೆಯ ಹಾಸಿಗೆಗೆ ಹತ್ತರಿಂದ ಇಪ್ಪತ್ತು ಲೂಕಾ ಅಂದಾಜು. ರೂಪಾಯಿ ಅಲ್ಲಿ ಯಾರೂ ಬದಲಿಸಿಕೊಡುವುದಿಲ್ಲ; ಮಡಿಕೆ–ಗೀಟಿಲ್ಲದ ಡಾಲರ್ ನೋಟು ಮತ್ತು ಫಾರೆಕ್ಸ್ ಕಾರ್ಡ್ ಒಯ್ಯಿರಿ. ಎ.ಟಿ.ಎಂ.ಗಳು ವಿದೇಶಿ ಕಾರ್ಡಿಗೆ ಪ್ರತಿ ಸಲ ಸಾವಿರಗಟ್ಟಲೆ ಪೆಸೊ ಶುಲ್ಕ ಹಿಡಿಯುವುದರಿಂದ ಐದು ಸಲ ಸ್ವಲ್ಪ ಸ್ವಲ್ಪ ತೆಗೆಯುವ ಬದಲು ಒಂದೇ ಸಲ ತೆಗೆಯಿರಿ.

ಉಳಿಯುವ ಖರ್ಚಿನ ಮೇಲೆ 19 ಶೇಕಡಾ ತೆರಿಗೆ ಇದೆ, ಅದಕ್ಕೆ 'ಈವಾ' ಅಂತ ಹೆಸರು. ವಿದೇಶಿ ಪ್ರವಾಸಿಗರು ಡಾಲರ್‌ನಲ್ಲಿ ಅಥವಾ ವಿದೇಶಿ ಕಾರ್ಡಿನಲ್ಲಿ ಕೊಟ್ಟು, ಪಾಸ್‌ಪೋರ್ಟ್ ಹಾಗೂ ಪ್ರವೇಶದ ಚೀಟಿ ತೋರಿಸಿದರೆ ನೋಂದಾಯಿತ ವಸತಿಗಳಲ್ಲಿ ಆ ತೆರಿಗೆ ಬಿಡುತ್ತಾರೆ. ಪೆಸೊ ನೋಟು ಎಣಿಸಿದರೆ ವಿನಾಯ್ತಿ ಹೋಯಿತು. ಸಣ್ಣ ಹಾಸ್ಟೆಲ್‌ಗಳಲ್ಲಿ ಈ ಸೌಲಭ್ಯ ಇಲ್ಲದಿರಬಹುದು, ಹಾಗಾಗಿ ಬುಕ್ ಮಾಡುವಾಗಲೇ 'ಕೋನ್ ಈವಾ ಓ ಸಿನ್ ಈವಾ?' (ತೆರಿಗೆ ಸೇರಿಯೋ, ಬಿಟ್ಟೋ) ಅಂತ ಕೇಳಿ. ವಲಸೆ ಕೌಂಟರಿನಲ್ಲಿ ಕೊಡುವ ಆ ಚೀಟಿ ಕಿರುಬೆರಳಷ್ಟು ಸಣ್ಣ ಕಾಗದವಾದರೂ ಬಿಸಾಡಬೇಡಿ, ಕೂಡಲೇ ಫೋಟೋ ತೆಗೆದಿಡಿ.

ಸಾಂಟಿಯಾಗೊ ವಿಮಾನ ನಿಲ್ದಾಣದಿಂದ ನಗರದೊಳಕ್ಕೆ ಹೋಗಬೇಕಿಲ್ಲ. ಹೊರಗಿನಿಂದಲೇ ಪಹರೀತೋಸ್ ನಿಲ್ದಾಣಕ್ಕೆ ಬಸ್ಸಿದೆ, ಅಲ್ಲಿಂದ ವಾಲ್ಪರಾಯಿಸೊಗೆ ಹಗಲೆಲ್ಲ ಬಸ್ಸು ಹೊರಡುತ್ತಲೇ ಇರುತ್ತವೆ. ಸುಮಾರು 115 ಕಿಲೋಮೀಟರ್, ಒಂದೂವರೆ–ಎರಡು ಗಂಟೆ. ಇಳಿಯುವುದು ದೇಶದ ಸಂಸತ್ ಭವನದ ಎದುರಿನ ನಿಲ್ದಾಣದಲ್ಲಿ. ಅಲ್ಲಿಂದ ಪ್ಲಾಸಾ ಸೊತೊಮಯೋರ್‌ಗೆ 'ಮೀಕ್ರೊ' (ಊರ ಬಸ್ಸು), 1952ರ ಕೊನೆಯಿಂದ ಓಡುತ್ತಿರುವ ಟ್ರಾಲಿ ಬಸ್ಸು, ಅಥವಾ 'ಕೊಲೆಕ್ತೀವೊ'. ಈ ಕೊನೆಯದು ನಮ್ಮ ಶೇರ್ ಆಟೋದ ಹಾಗೆ: ದಾರಿ ನಿಗದಿ, ನಾಲ್ಕು ಜನ, ತಲೆಗಿಷ್ಟು. ಬಸ್ ನಿಲ್ದಾಣದ ಸುತ್ತ ಒಂದು ಮೋಸ ಗೊತ್ತಿರಲಿ. ಬೆನ್ನ ಮೇಲೆ ಸಾಸಿವೆ ಸಾಸೋ ಹಕ್ಕಿ ಹಿಕ್ಕೆಯಂಥದ್ದೋ ಬೀಳುತ್ತದೆ, ಒರೆಸಿಕೊಡಲು ಯಾರೋ ಓಡಿ ಬರುತ್ತಾರೆ, ಬ್ಯಾಗು ಕೆಳಗಿಟ್ಟ ಕ್ಷಣದಲ್ಲಿ ಇನ್ನೊಬ್ಬರು ಎತ್ತಿಕೊಂಡು ಹೋಗುತ್ತಾರೆ. ಕೊಳೆ ಇದ್ದರೂ ಇರಲಿ, ನಿಲ್ಲದೆ ನಡೆದು ಒಂದು ಅಂಗಡಿಯೊಳಗೆ ಹೋಗಿ ಒರೆಸಿಕೊಳ್ಳಿ.

ಕೋಣೆಗೆ ಕಾಲಿಟ್ಟ ಮೊದಲ ಹತ್ತು ನಿಮಿಷ

ಬ್ಯಾಗನ್ನು ಹಾಸಿಗೆಯ ಮೇಲೆ ಎಸೆಯಬೇಡಿ, ನೆಲದ ಮೇಲೂ ಬೇಡ. ಕುರ್ಚಿಯ ಮೇಲೆ ಇಟ್ಟು ಫೋನಿನ ಟಾರ್ಚ್ ಹಾಕಿ. ಹಾಸಿಗೆಯ ಮೂಲೆಯ ಹೊದಿಕೆ ಎತ್ತಿ ಹೊಲಿಗೆಯ ಸಾಲನ್ನು ಬೆರಳಿನಿಂದ ಬಿಡಿಸಿ ನೋಡಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳ ಗುಂಪು, ಸುಲಿದ ಕಂದು ಪೊರೆ, ರಕ್ತದ ಒರೆಸು – ಮೂರರಲ್ಲಿ ಯಾವುದು ಕಂಡರೂ ತಿಗಣೆ. ಮರದ ಮಂಚವಾದರೆ ಅಡ್ಡಪಟ್ಟಿ ಕೂಡುವ ಸಂದು, ಸ್ಕ್ರೂ ತೂತು ನೋಡಲೇಬೇಕು. ಹಗಲು ಅವು ಅಡಗುವುದು ಅಲ್ಲೇ. 'ಆಯ್ ಚಿಂಚೆಸ್' ಎಂದು ತೋರಿಸಿ ಬೇರೆ ಕೋಣೆ ಕೇಳಿ. ಅದೇ ಕೋಣೆಯ ಇನ್ನೊಂದು ಮಂಚ ಪರಿಹಾರವಲ್ಲ.

ಎರಡಂತಸ್ತಿನ ಮಂಚಕ್ಕೆ ಚಿಲಿಯಲ್ಲಿ 'ಕಮರೋತೆ' ಅಂತಾರೆ. ಕೆಳಗಿನದನ್ನು ಕೇಳಿ. ಹತ್ತಿ ಇಳಿಯುವ ಅನುಕೂಲ ಒಂದು ಕಾರಣ, ಭೂಕಂಪ ಇನ್ನೊಂದು. 1906ರ ಆಗಸ್ಟ್ 16ರ ಭೂಕಂಪ ಈ ಊರನ್ನು ನೆಲಸಮ ಮಾಡಿತ್ತು, 2010ರ ಫೆಬ್ರವರಿ 27ರದು ಜೋರಾಗಿ ಅಲುಗಿಸಿತು. ಸಣ್ಣ ನಡುಕ ಅಲ್ಲಿಯವರಿಗೆ ಮಾಮೂಲು, ಅವರು ಊಟ ಬಿಟ್ಟು ಏಳುವುದೂ ಇಲ್ಲ. ಮಲಗಿದ್ದಾಗ ಜೋರಾಗಿ ಅಲುಗಿದರೆ ಓಡಬೇಡಿ, ತಲೆಗೆ ದಿಂಬು ಒತ್ತಿಕೊಂಡು ಅಲ್ಲೇ ಇರಿ. ಅಲುಗಾಟ ನಿಂತ ಮೇಲೆ ಚಪ್ಪಲಿ ಹಾಕಿಯೇ ನೆಲಕ್ಕೆ ಇಳಿಯಿರಿ, ಗಾಜು ಬಿದ್ದಿರುತ್ತದೆ. ಅದಕ್ಕೇ ರಾತ್ರಿ ಚಪ್ಪಲಿ, ಟಾರ್ಚು, ಪಾಸ್‌ಪೋರ್ಟು ಕೈಗೆಟಕುವಲ್ಲಿ ಇರಬೇಕು. ನೀವು ಪ್ಲಾನ್‌ನಲ್ಲಿದ್ದು, ನಿಲ್ಲಲಾರದಷ್ಟು ನೆಲ ಅಲುಗಿದರೆ ಸೈರನ್ನಿಗೆ ಕಾಯದೆ ಗುಡ್ಡದ ಕಡೆ ನಡೆಯಿರಿ. ಸುನಾಮಿಯಿಂದ ಪಾರಾಗಲು ಸಮುದ್ರಮಟ್ಟದಿಂದ 30 ಮೀಟರ್ ಮೇಲಕ್ಕೆ ಹೋಗಬೇಕು, ದಾರಿ ತೋರುವ ಫಲಕಗಳು ಬೀದಿಯಲ್ಲೇ ಇವೆ. ಗುಡ್ಡದ ಮೇಲಿನ ಹಾಸ್ಟೆಲ್‌ನ ಇನ್ನೊಂದು ಲಾಭ ಇದು.

ಭೂಕಂಪಕ್ಕಿಂತ ದಿನನಿತ್ಯದ ಅಪಾಯ ಬೆಂಕಿ. ಈ ಮನೆಗಳು ಮರದ ಚೌಕಟ್ಟು, ಮಣ್ಣು, ಹೊರಗೆ ಬಣ್ಣ ಬಳಿದ ತಗಡು. ನೋಡಲು ಚೆಂದ, ಹತ್ತಿಕೊಂಡರೆ ಒಣ ಸೌದೆ. 2014ರ ಏಪ್ರಿಲ್‌ನಲ್ಲಿ ಗುಡ್ಡಗಳ ಮೇಲೆ ಸಾವಿರಾರು ಮನೆ ಸುಟ್ಟವು. ದಿಂಬಿನ ಕೆಳಗೆ ಫೋನ್ ಚಾರ್ಜ್ ಮಾಡಬೇಡಿ, ಊದುಬತ್ತಿ ಹಚ್ಚಬೇಡಿ, ಎರಡನೇ ಬಾಗಿಲು ಎಲ್ಲಿದೆ ಅಂತ ಬಂದ ದಿನವೇ ನಡೆದು ನೋಡಿ. ಅಗ್ನಿಶಾಮಕ 132, ಆಂಬುಲೆನ್ಸ್ 131, ಪೊಲೀಸ್ 133.

ಬಚ್ಚಲು

ಬಿಸಿನೀರು ಕೊಡುವ ಯಂತ್ರಕ್ಕೆ 'ಕಾಲೆಫೋನ್' ಅಂತಾರೆ. ನಮ್ಮ ಗ್ಯಾಸ್ ಗೀಸರ್‌ನ ಅಣ್ಣ ಅನ್ನಿ. ನೀರು ತಕ್ಕಷ್ಟು ಜೋರಾಗಿ ಹರಿದರೆ ಮಾತ್ರ ಒಳಗಿನ ಗ್ಯಾಸು ತೆರೆದು ಹತ್ತಿಕೊಳ್ಳುತ್ತದೆ. ನೀರು ಉಳಿಸುವ ಒಳ್ಳೇ ಮನಸ್ಸಿನಿಂದ ನಲ್ಲಿಯನ್ನು ಅರ್ಧ ತೆರೆದರೆ ತಣ್ಣೀರೇ. ಮೊದಲು ಬಿಸಿ ನಲ್ಲಿ ಪೂರ್ತಿ ತೆರೆಯಿರಿ, ಚಟ್ ಚಟ್ ಶಬ್ದದ ಹಿಂದೆಯೇ ಭುಸ್ ಅಂತ ಕೇಳುತ್ತದೆ, ಅರ್ಧ ನಿಮಿಷ ಬಿಟ್ಟು ತಣ್ಣೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ. ತಣ್ಣೀರು ಒಮ್ಮೆಲೇ ಜಾಸ್ತಿಯಾದರೆ ಬಿಸಿ ಕೊಳವೆಯ ಹರಿವು ಕುಗ್ಗಿ ಉರಿ ಆರುತ್ತದೆ. ಪಕ್ಕದ ಬಚ್ಚಲಲ್ಲಿ ಇನ್ನೊಬ್ಬರು ನಲ್ಲಿ ತಿರುಗಿಸಿದರೂ ಹೀಗೇ ಆಗುವುದರಿಂದ ಬೆಳಗ್ಗೆ ಏಳಕ್ಕೆ ಮುಂಚೆ ಅಥವಾ ಹತ್ತರ ಮೇಲೆ ಸ್ನಾನಕ್ಕೆ ಹೋಗಿ. ಚಟ್ ಚಟ್ ಶಬ್ದವೇ ಬರದಿದ್ದರೆ ಕಿಡಿ ಹಾರಿಸುವ ಬ್ಯಾಟರಿ ಮುಗಿದಿರುತ್ತದೆ, ಶಬ್ದ ಬಂದೂ ಹತ್ತದಿದ್ದರೆ ಸಿಲಿಂಡರ್ ಖಾಲಿ. ಯಾವುದೆಂದು ಹೇಳಿದರೆ ಹಾಸ್ಟೆಲ್ಲಿನವರಿಗೆ ಐದು ನಿಮಿಷದ ಕೆಲಸ.

ಒಂದು ವಿಷಯದಲ್ಲಿ ಸಂಕೋಚ ಬೇಡ. ಕಾಲೆಫೋನ್ ಬಚ್ಚಲ ಒಳಗೇ ಇದ್ದು, ಗಾಳಿ ಆಡುವ ಕಿಂಡಿ ಇಲ್ಲದಿದ್ದರೆ ಅಲ್ಲಿ ಸ್ನಾನ ಮಾಡಬೇಡಿ. ಗ್ಯಾಸ್ ಗೀಸರ್ ಹಾಕಿದ ಮುಚ್ಚಿದ ಬಚ್ಚಲಲ್ಲಿ ಕಾರ್ಬನ್ ಮಾನಾಕ್ಸೈಡ್‌ನಿಂದ ಆಗುವ ಸಾವುಗಳು ಬೆಂಗಳೂರಿಗರಿಗೆ ಹೊಸ ಸುದ್ದಿಯಲ್ಲ. ಉರಿ ನೀಲಿ ಇರಬೇಕು. ಹಳದಿ ಇದ್ದರೆ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ. ತಲೆ ಸುತ್ತಿದರೆ ಟವೆಲ್ ಸುತ್ತಿಕೊಂಡು ಮೊದಲು ಹೊರಗೆ ಬನ್ನಿ.

ಶೌಚಾಲಯದಲ್ಲಿ ಜೆಟ್ ಇಲ್ಲ, ಬಕೆಟ್ ಇಲ್ಲ. ಚೊಂಬು ಅದಕ್ಕೇ. ಕಾಗದ ಬಳಸಿದರೆ ಪಕ್ಕದ ಬುಟ್ಟಿಗೆ ಹಾಕಿ. ಹಳೇ ಕೊಳವೆಗಳು ಕಿರಿದು, ಕಾಗದ ಕಟ್ಟಿಕೊಂಡರೆ ಇಡೀ ಮನೆಯ ಬಚ್ಚಲು ನಿಲ್ಲುತ್ತದೆ. ನಲ್ಲಿ ನೀರು ಕುಡಿಯಬಹುದು.

ಅಡುಗೆಮನೆ

ದಿನಕ್ಕೆ ಎರಡು ಹೊತ್ತು ಹೊರಗೆ ತಿಂದರೆ ಅಗ್ಗದ ಹಾಸಿಗೆಯ ಲಾಭವೆಲ್ಲ ಹೋಟೆಲಿಗೆ ಹೋಗುತ್ತದೆ. ಸೊಪ್ಪು–ತರಕಾರಿಗೆ ಪ್ಲಾನ್‌ನಲ್ಲಿರುವ ಕಾರ್ದೊನಾಲ್ ಮಾರ್ಕೆಟ್, ನಮ್ಮ ಕೆ.ಆರ್. ಮಾರ್ಕೆಟ್ಟಿನ ಸಣ್ಣ ರೂಪ. ಬುಧವಾರ, ಶನಿವಾರ ಅರ್ಹೆಂತೀನಾ ರಸ್ತೆಯಲ್ಲಿ ಸಂತೆ. ಈರುಳ್ಳಿ, ಟೊಮೆಟೊ, ಸಿಹಿಗುಂಬಳ, ಕೊತ್ತಂಬರಿ, ಹಸಿಮೆಣಸಿನಕಾಯಿ, ನಿಂಬೆ ಎಲ್ಲ ಸಿಗುತ್ತವೆ. ಬ್ರೆಡ್ಡನ್ನು ತೂಕಕ್ಕೆ ಮಾರುತ್ತಾರೆ. ಎರಡು ಉಬ್ಬಿನ ಗರಿಗರಿ ಬ್ರೆಡ್ಡಿಗೆ ಬೇರೆ ಊರಿನಲ್ಲಿ 'ಮರ್ರಾಕೇತಾ' ಅಂದರೆ ಇಲ್ಲಿ 'ಪಾನ್ ಬತೀದೊ'.

ತೊಗರಿಬೇಳೆ ಹುಡುಕಬೇಡಿ. ಸೂಪರ್‌ಮಾರ್ಕೆಟ್ಟಿನಲ್ಲಿ 'ಅರ್ವೇಹಾಸ್ ಪರ್ತೀದಾಸ್' ಅಂತ ಒಡೆದ ಬಟಾಣಿ ಬೇಳೆ ಸಿಗುತ್ತದೆ, ಸಾರಿಗೆ ಅದೇ ಹತ್ತಿರ. ಇಬ್ಬರಿಗೆ 150 ಗ್ರಾಂ ಬೇಳೆ ಒಂದು ಗಂಟೆ ನೆನೆಸಿ, ಮುಕ್ಕಾಲು ಲೀಟರ್ ನೀರಿನಲ್ಲಿ ಮುಚ್ಚಳ ಓರೆ ಮಾಡಿ ಸಣ್ಣ ಉರಿಯಲ್ಲಿ 40 ನಿಮಿಷ. ಕುಕ್ಕರ್ ಇಲ್ಲ, ಹಾಗಾಗಿ ಉಪ್ಪು ಕೊನೆಯಲ್ಲಿ. ಎರಡು ಟೊಮೆಟೊ, ಎರಡು ಚಮಚ ರಸಂ ಪುಡಿ ಹಾಕಿ ಕುದಿಸಿ, ಒಲೆ ಆರಿಸಿದ ಮೇಲೆ ಹುಣಸೆಯ ಬದಲು ಅರ್ಧ ನಿಂಬೆ ಹಿಂಡಿ. ಒಗ್ಗರಣೆ ಹಾಕುವಾಗ ಜಾಗ್ರತೆ: ತೆಳು ಬಾಣಲೆಯಲ್ಲಿ ಎಣ್ಣೆ ಬೇಗ ಹೊಗೆಯಾಡುತ್ತದೆ, ಒಣಮೆಣಸಿನ ಘಾಟು ಮರದ ಮನೆಯ ಮೂರನೇ ಮಹಡಿಗೂ ಮುಟ್ಟುತ್ತದೆ, ಹೊಗೆ ಅಲಾರಂ ಕೂಗುತ್ತದೆ. ಕಿಟಕಿ ತೆಗೆದು, ಎಣ್ಣೆ ಕಾದ ಕೂಡಲೇ ಉರಿ ಆರಿಸಿ, ಜೀರಿಗೆ ಮತ್ತು ಇಂಗಿನಲ್ಲೇ ಮುಗಿಸಿ. ಫ್ರಿಡ್ಜಿನಲ್ಲಿಡುವ ಡಬ್ಬಿಯ ಮೇಲೆ ಹೆಸರು, ಹೊರಡುವ ದಿನ ಬರೆಯಿರಿ. ಬರೆಯದ್ದನ್ನು ಎಲ್ಲರ ಸೊತ್ತು ಅಂತ ಹಂಚಿಬಿಡುತ್ತಾರೆ.

ಸಸ್ಯಾಹಾರಿಗಳು 'ಸೋಯ್ ವೆಹೆತಾರಿಯಾನೊ' (ಹೆಣ್ಣುಮಕ್ಕಳು 'ವೆಹೆತಾರಿಯಾನಾ') ಅಂದರೆ ಸಾಲದು. ಮೀನು, ಕೋಳಿ, ಹಂದಿಮಾಂಸದ ತೆಳು ಹಾಳೆ ಮಾಂಸವೇ ಅಲ್ಲ ಎಂಬಂತೆ ಬರಬಹುದು. 'ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ, ಸಿನ್ ಹಮೋನ್' ಎಂದು ಒಂದೊಂದನ್ನೂ ಹೇಳಿ. 'ಮಂತೆಕೀಯಾ' ಅಂದರೆ ಬೆಣ್ಣೆ. 'ಮಂತೇಕಾ' ಬೇರೆ, ಅದು ಹೆಚ್ಚಾಗಿ ಪ್ರಾಣಿ ಕೊಬ್ಬು, ಕೆಲವು ಬ್ರೆಡ್ಡು, ಕಡುಬಿನಂಥ ಎಂಪನಾದಾ, ಕುಂಬಳದ ಕರಿದ ಸೊಪೈಪೀಯಾಗಳ ಹಿಟ್ಟಿನಲ್ಲೂ ಸೇರಿರುತ್ತದೆ. ಕೇಳಿ ತಿನ್ನಿ.

ಮನೆಗೆ ಫೋನ್ ಮಾಡಲು ಲೆಕ್ಕ: ಅಲ್ಲಿನ ಬೇಸಿಗೆಯಲ್ಲಿ ನಾವು ಎಂಟೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಒಂಬತ್ತೂವರೆ. ಬೇಸಿಗೆಯ ಮಧ್ಯಾಹ್ನ ಹನ್ನೆರಡೂವರೆಗೆ ಕರೆ ಮಾಡಿದರೆ ಇಲ್ಲಿ ರಾತ್ರಿ ಒಂಬತ್ತು, ಊಟ ಮುಗಿದಿರುತ್ತದೆ.

ಬಿಡುವ ದಿನ

ಕೋಣೆ ಖಾಲಿ ಮಾಡುವ ಹೊತ್ತು ಸಾಮಾನ್ಯವಾಗಿ ಬೆಳಗ್ಗೆ 11. ಬ್ಯಾಗನ್ನು ಸಂಜೆವರೆಗೆ ಇಟ್ಟುಕೊಳ್ಳುತ್ತಾರೆ, ಆದರೆ ಆ ಜಾಗಕ್ಕೆ ಬೀಗ ಇದೆಯೇ ನೋಡಿ, ಪಾಸ್‌ಪೋರ್ಟು–ದುಡ್ಡು ಮೈಮೇಲೇ ಇರಲಿ. ಮಂಜಿನ ಊರಲ್ಲಿ ಒಗೆದ ಬಟ್ಟೆ ಒಣಗಲು ಎರಡು ದಿನ ಬೇಕು, ಹೊರಡುವ ಹಿಂದಿನ ರಾತ್ರಿ ಏನನ್ನೂ ನೆನೆಸಬೇಡಿ. ವಿಮಾನಕ್ಕೆ ಆರು ಗಂಟೆ ಮೊದಲು ವಾಲ್ಪರಾಯಿಸೊ ಬಿಟ್ಟರೆ ನೆಮ್ಮದಿ. ಭಾನುವಾರ ಸಂಜೆಯಾದರೆ ಇನ್ನೂ ಒಂದು ಗಂಟೆ ಸೇರಿಸಿ, ರಜೆ ಮುಗಿಸಿದ ರಾಜಧಾನಿಯ ಜನರೆಲ್ಲ ಅದೇ ಹೆದ್ದಾರಿಯಲ್ಲಿರುತ್ತಾರೆ. ಹಳದಿ ಜ್ವರದ ಆ ಪುಟ್ಟ ಹಳದಿ ಪುಸ್ತಕವನ್ನು ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ. ದೇವನಹಳ್ಳಿಯಲ್ಲಿ ಇಳಿದಾಗ ಅದನ್ನು ಕೇಳುವುದು ಲಗೇಜು ಕೈಗೆ ಬರುವ ಮೊದಲು.